ನನ್ನ ಪುಸ್ತಕಗಳನ್ನು ನನಗಿಂತ ಮೊದಲು ಓದುತ್ತಿರುವ ಅಂಚೆ ಕಚೇರಿಗೆ

ಹಾನಿಗೊಂಡ ಪಾರ್ಸೆಲ್‌ಗಳ ವಿಭಾಗದ ಮೇಲ್ವಿಚಾರಕರ ಸನ್ನಿಧಿಗೆ,
ಮುಖ್ಯ ಅಂಚೆ ಕಚೇರಿ, ಹಿಂಬದಿಯ ಕೋಣೆ.
(ಪ್ರತಿ: ಪತ್ರಿಕೆಯ ಓದುಗರ ಪತ್ರ ವಿಭಾಗಕ್ಕೆ)

ಮಾನ್ಯರೇ,

ಮೊದಲಿಗೆ ತಮಗೂ, ತಮ್ಮ ಮೇಜಿಗೂ, ಆ ಮೇಜಿನ ಮೇಲೆ ಇಪ್ಪತ್ತೇಳು ದಿನಗಳಿಂದ ಬಾಯಿ ತೆರೆದು ಮಲಗಿರುವ ನನ್ನ ಪಾರ್ಸೆಲ್ಲಿಗೂ, ಅದಕ್ಕೆ ಕಾವಲು ನಿಂತಿರುವ ತೂಕದ ಯಂತ್ರಕ್ಕೂ ನನ್ನ ಹೃತ್ಪೂರ್ವಕ ನಮಸ್ಕಾರಗಳು. ತಾವು ಆರೋಗ್ಯವಾಗಿದ್ದೀರಿ ಎಂದು ನಂಬಿದ್ದೇನೆ. ಒಳ್ಳೆಯ ಪುಸ್ತಕ ಓದುವವರ ಆರೋಗ್ಯ ಚೆನ್ನಾಗಿರುತ್ತದೆ, ಮತ್ತು ತಾವು ಓದುತ್ತಿರುವುದು ಒಳ್ಳೆಯ ಪುಸ್ತಕಗಳೇ ಎಂದು ನಾನು ಖಾತ್ರಿಯಾಗಿ ಹೇಳಬಲ್ಲೆ. ಅವುಗಳನ್ನು ಆರಿಸಿ ತರಿಸಿದವನು ನಾನು.

ನಾನು ಮೂವತ್ತೆಂಟು ವರ್ಷ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದಿ ನಿವೃತ್ತನಾದವನು. ತಮ್ಮ ಇಲಾಖೆಯ ಮೇಲೆ ನನಗೆ ಯಾವ ದ್ವೇಷವೂ ಇಲ್ಲ, ಇರುವುದು ನೆನಪು ಮಾತ್ರ. ಇಪ್ಪತ್ತೆರಡು ವರ್ಷಗಳ ಹಿಂದೆ ನನ್ನ ಹೆಸರಿಗೆ ಬಂದ ಒಂದು ಕಥಾಸಂಕಲನ ಎದುರು ಬೀದಿಯ ಹಲ್ಲಿನ ವೈದ್ಯರ ಕೈಸೇರಿ, ಅವರು ಅದನ್ನು ರೋಗಿಗಳು ಕಾಯುವ ಕೋಣೆಯಲ್ಲಿ ಇಟ್ಟದ್ದರಿಂದ, ಆ ಸಂಕಲನವನ್ನು ಮುಗಿಸಲು ನಾನು ಎರಡು ಗಟ್ಟಿಮುಟ್ಟಾದ ಹಲ್ಲುಗಳನ್ನು ಕೀಳಿಸಿಕೊಳ್ಳಬೇಕಾಯಿತು. ಆಗಲೂ ನಾನು ದೂರು ಬರೆಯಲಿಲ್ಲ. ಕೊನೆಯ ಕಥೆ ನಿಜಕ್ಕೂ ಎರಡನೆಯ ಹಲ್ಲಿಗೆ ತಕ್ಕ ಹಾಗಿತ್ತು.

ಪುಸ್ತಕ ಅಂಚೆಯಲ್ಲಿ ಬರುತ್ತದೆ ಎಂದರೆ ನಮ್ಮ ಮನೆಯಲ್ಲಿ ಏನೇನು ನಡೆಯುತ್ತದೆ ಎಂಬುದನ್ನು ತಮಗೆ ತಿಳಿಸುವುದು ನನ್ನ ಕರ್ತವ್ಯ. ಕಳಿಸಿದ್ದೇವೆ ಎಂದು ಪುಸ್ತಕದಂಗಡಿಯವರ ಕಾಗದ ಬಂದ ದಿನವೇ ನಾನು ಟೇಪು ಹಿಡಿದು ಕಪಾಟಿನಲ್ಲಿ ಎಷ್ಟು ಅಂಗುಲ ಜಾಗ ಬೇಕೆಂದು ಅಳೆಯುತ್ತೇನೆ. ಈ ಸಲ ಏಳೂವರೆ ಅಂಗುಲ ಬೇಕಾಗಿ, ವಿಶ್ವಕೋಶದ ಮೂರು ಸಂಪುಟಗಳು ಮಂಚದ ಕೆಳಗೆ ವಲಸೆ ಹೋದವು. ಕತ್ತರಿಯನ್ನು ಸಾಣೆ ಹಿಡಿಸುತ್ತೇನೆ, ಆದರೆ ದಾರವನ್ನು ಕತ್ತರಿಸುವುದಿಲ್ಲ, ಗಂಟು ಬಿಚ್ಚಿ ಸುತ್ತಿಡುತ್ತೇನೆ. ಕತ್ತರಿ ಇರುವುದು ಸಮಾರಂಭದ ಗೌರವಕ್ಕೆ. ಬೆಳಿಗ್ಗೆ ಹತ್ತು ಗಂಟೆಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಿಟಕಿಯ ಪಕ್ಕ ಕೂರುತ್ತೇನೆ. ಅಂಚೆಯಣ್ಣನ ಸೈಕಲ್ಲಿನ ಬೆಲ್ಲು ಎರಡು ಬೀದಿ ಆಚೆ ಕೇಳಿಸಿದರೂ ನನ್ನ ಕಿವಿ ನಿಮಿರುತ್ತದೆ, ಅವನು ಪಕ್ಕದ ಮನೆಯ ಮುಂದೆ ನಿಂತರೆ ಆ ಮನೆಯವರ ಮೇಲೆ ನನಗೆ ಕಾರಣವಿಲ್ಲದೆ ಸಿಟ್ಟು ಬರುತ್ತದೆ. ನನ್ನ ಅಕ್ಕ ಇದನ್ನೆಲ್ಲ ನೋಡಿ, ಹೆಣ್ಣು ನೋಡಲು ಹೋದ ದಿನವೂ ನೀನು ಇಷ್ಟು ಸಿಂಗಾರ ಮಾಡಿಕೊಂಡಿರಲಿಲ್ಲ, ಅದಕ್ಕೇ ಆ ಸಂಬಂಧ ಕುದುರಲಿಲ್ಲ ಎನ್ನುತ್ತಾಳೆ.

ಅಕ್ಕನ ವಿಷಯ ಬಂತು. ಇಡೀ ದೂರು ನಿಂತಿರುವುದೇ ಅವಳ ಮೇಲೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳಲು ಅಪ್ಪಣೆಯಾಗಬೇಕು. ಭಾವ ತೀರಿಕೊಂಡ ಮೇಲೆ ಅವಳು ನನ್ನ ಜೊತೆಗೇ ಇದ್ದಾಳೆ. ಅವಳ ಕಣ್ಣಿಗೆ ಸಣ್ಣ ಅಕ್ಷರ ಹಿಡಿಯುವುದಿಲ್ಲವಾದ್ದರಿಂದ ದಿನಾ ಸಂಜೆ ಚಹಾ ಆದ ಮೇಲೆ ನಾನು ಓದುತ್ತೇನೆ, ಅವಳು ಕೇಳುತ್ತಾಳೆ, ಪಾತ್ರಗಳನ್ನು ಬೈಯುತ್ತಾಳೆ. ಹದಿನಾಲ್ಕು ವರ್ಷಗಳ ಹಿಂದೆ ಹೀಗೆಯೇ ಒಂದು ಕಾದಂಬರಿಯ ಮೊದಲ ಸಂಪುಟ ಓದಿ ಮುಗಿಸಿದೆವು. ಅದರಲ್ಲಿ ಗಡಿಯಾರ ರಿಪೇರಿ ಮಾಡುವವನೊಬ್ಬ ಸ್ಪ್ರಿಂಗ್ ಕೊಂಡು ತರುತ್ತೇನೆಂದು ಹೋದವನು ಮತ್ತೆ ಬರುವುದಿಲ್ಲ. ಹೆಂಡತಿ ಒಬ್ಬಳೇ ಅಂಗಡಿ ನಡೆಸುತ್ತಾಳೆ. ಕೊನೆಯ ಪುಟದಲ್ಲಿ ಯಾರೋ ಬಾಗಿಲು ತಟ್ಟುತ್ತಾರೆ, ಅವಳು ಚಿಲಕಕ್ಕೆ ಕೈಯಿಡುತ್ತಾಳೆ, ಸಂಪುಟ ಮುಗಿಯುತ್ತದೆ. ಬಾಗಿಲಾಚೆ ನಿಂತವನು ಗಂಡನೇ ಎಂದು ಅಕ್ಕ ಹೇಳಿದಳು. ಪಕ್ಕದ ಮನೆಯವನು ಏಣಿ ವಾಪಸು ಕೊಡಲು ಬಂದಿದ್ದಾನೆ ಎಂದು ನಾನು ಹೇಳಿದೆ, ಯಾಕೆಂದರೆ ಎಂಬತ್ತೆಂಟನೆಯ ಪುಟದಲ್ಲಿ ಅವನು ಏಣಿ ಒಯ್ದಿದ್ದ, ಆಮೇಲೆ ಆ ಏಣಿಯ ಸುದ್ದಿಯೇ ಇಲ್ಲ, ಕರಡು ತಿದ್ದುವವನ ಕಣ್ಣಿನಿಂದ ಇಂಥದ್ದು ತಪ್ಪಿಸಿಕೊಳ್ಳುವುದಿಲ್ಲ. "ನಿನಗೆ ಏಣಿ ಕಾಣುತ್ತೆ, ಮನುಷ್ಯರು ಕಾಣಲ್ಲ. ಹೋದವರೂ ಒಂದೊಂದ್ಸಲ ಬರ್ತಾರೆ ಕಣೋ," ಎಂದಳು ಅಕ್ಕ. ಪಂದ್ಯವಾಯಿತು. ಸೋತವರು ಒಂದು ವರ್ಷ ಕಾಲ ಮನೆಯ ಎಲ್ಲ ಕಪಾಟುಗಳ ಧೂಳು ಒರೆಸಬೇಕು.

ಲೇಖಕರು ಎರಡನೆಯ ಸಂಪುಟ ಬರೆಯಲು ಹದಿನಾಲ್ಕು ವರ್ಷ ತೆಗೆದುಕೊಂಡರು. ಪ್ರಕಟವಾಯಿತೆಂಬ ಸುದ್ದಿ ಬಂದ ವಾರವೇ ಅಕ್ಕನ ಮಗಳ ಫೋನೂ ಬಂತು: ಅಮ್ಮ ಇನ್ನು ನನ್ನ ಊರಿಗೆ ಬಂದು ನನ್ನ ಜೊತೆಗೇ ಇರಲಿ, ಟಿಕೆಟ್ಟು ಮಾಡಿಸಿದ್ದೇನೆ, ಇಪ್ಪತ್ತೆಂಟನೇ ತಾರೀಖು. ಮಗಳು ಕರೆದರೆ ಹೋಗುವುದು ನ್ಯಾಯವೇ. ನಾನೂ ಧಾರಾಳವಾಗಿ, ಹೋಗಿ ಬಾ ಎಂದೆ. "ಬಾ" ಎನ್ನುವುದು ಬರೀ ವಾಡಿಕೆಯ ಮಾತೆಂದು ಇಬ್ಬರಿಗೂ ಗೊತ್ತಿತ್ತು. ಹೋಗುವ ಮೊದಲು ಆ ಬಾಗಿಲು ತೆರೆಯಲಿ, ಅಷ್ಟು ಸಾಕು ಎಂದುಕೊಂಡು, ಅತಿ ಶೀಘ್ರ ಅಂಚೆಯಲ್ಲಿ ಎರಡನೆಯ ಸಂಪುಟವನ್ನೂ, ದಾರಿಯಲ್ಲಿ ಅದಕ್ಕೆ ಬೇಸರವಾಗದಿರಲೆಂದು ಇನ್ನೂ ನಾಲ್ಕು ಪುಸ್ತಕಗಳನ್ನೂ ತರಿಸಿದೆ.

ಎರಡನೇ ತಾರೀಖು ಅಂಚೆಯಣ್ಣ ಬರಿಗೈಯಲ್ಲಿ ಬಂದು, ಯಾರೋ ಯಾರಿಗೋ ಕಳಿಸಿದ ಜೇನುತುಪ್ಪದ ಜಾಡಿ ಚೀಲದೊಳಗೆ ಒಡೆದು, ನನ್ನ ಪಾರ್ಸೆಲ್ಲು ಅಪರಿಚಿತರೊಬ್ಬರ ಕಂಬಳಿಗೆ ಅಂಟಿಕೊಂಡು, ಬಿಡಿಸುವಾಗ ಒಂದು ಮೂಲೆ ಹರಿದು, ಈಗ ತಮ್ಮ ವಿಭಾಗದಲ್ಲಿದೆ ಎಂದು ತಿಳಿಸಿದ. ಮರುದಿನ ನಾನು ತಮ್ಮ ದರ್ಶನಕ್ಕೆ ಬಂದೆ. ತಾವು ಎಷ್ಟು ಸೌಜನ್ಯದಿಂದ ಕುರ್ಚಿ ಕೊಟ್ಟಿರಿ, ನಿಯಮಾವಳಿಯ ಪುಸ್ತಕವನ್ನು ತೆಗೆದು ಎಷ್ಟು ಪ್ರೀತಿಯಿಂದ ನಲವತ್ನಾಲ್ಕನೆಯ ನಿಯಮದ ಮೇಲೆ ಬೆರಳಿಟ್ಟು ಓದಿಸಿದಿರಿ ಎಂಬುದನ್ನು ನಾನು ಮರೆಯಲಾರೆ. ಹರಿದ ಪಾರ್ಸೆಲ್ಲಿನ ಒಳಗಿನ ಯಾವ ಭಾಗವೂ ಕಾಣೆಯಾಗಿಲ್ಲವೆಂದು ಪರಿಶೀಲಿಸಿ ಪ್ರಮಾಣಪತ್ರ ಬರೆದ ಮೇಲೆಯೇ ಅದನ್ನು ವಿಳಾಸದಾರನಿಗೆ ಕೊಡತಕ್ಕದ್ದು. ಸರಿ, ಪುಟ ಎಣಿಸಿಬಿಡಿ ಸ್ವಾಮಿ, ನಾನು ಇಲ್ಲೇ ಕೂತಿರುತ್ತೇನೆ ಎಂದೆ. ನನ್ನ ಬುದ್ಧಿಗೆ ಹೊಳೆದದ್ದು ಇಷ್ಟೇ.

ತಮ್ಮ ತೂಕದ ಗುಮಾಸ್ತರು ಮೊದಲು ಕೈಗೆತ್ತಿಕೊಂಡದ್ದು ಪ್ರವಾಸ ಕಥನ. ಇನ್ನೂರ ಐವತ್ತಾರು ಪುಟ ಇರಬೇಕು, ಇನ್ನೂರ ಐವತ್ತಾರು ಇತ್ತು. ಅಷ್ಟಕ್ಕೇ ಬಿಟ್ಟಿದ್ದರೆ ಅವರು ಸಾಮಾನ್ಯ ನೌಕರರಾಗುತ್ತಿದ್ದರು. ಆದರೆ ಅವರು ನಡುವೆ ಕಣ್ಣು ಹಾಯಿಸಿದರು, ಹಾಯಿಸಿದ ಕಣ್ಣು ಅಲ್ಲೇ ನಿಂತಿತು. ಲೇಖಕರು ಒಂದೇ ಬೆಟ್ಟವನ್ನು ಎರಡು ಸಲ ಹತ್ತಿ, ಒಂದು ಸಲವೂ ಇಳಿಯದೆ, ನೇರವಾಗಿ ಸಮುದ್ರ ತೀರದಲ್ಲಿ ಮೀನು ನೋಡುತ್ತ ನಿಂತಿದ್ದರು. ಪುಸ್ತಕ ಹೊಲಿಯುವವರು ಹದಿನಾರು ಪುಟಗಳ ಒಂದು ಕಂತೆಯನ್ನು ಎರಡು ಸಲ ಸೇರಿಸಿ, ಮುಂದಿನ ಕಂತೆಯನ್ನು ಮರೆತಿದ್ದರು. ಹೀಗಾಗಿ ಪುಟಗಳ ಲೆಕ್ಕ ಸರಿ, ಆದರೆ ಬೆಟ್ಟದಿಂದ ಇಳಿಯುವ ದಾರಿ ಮಾಯ. ಇದು ಎಲ್ಲ ಮುದ್ರಣಾಲಯಗಳಲ್ಲೂ ಆಗಾಗ ಆಗುವ ತಪ್ಪೆಂದು ನಾನು ತಮ್ಮ ಮುಂದೆಯೇ ವಿವರಿಸಿದೆ, ನನ್ನ ಅನುಭವವನ್ನು ಮೆರೆಯುವ ಚಪಲಕ್ಕೆ. ತಾವು ಕನ್ನಡಕ ತೆಗೆದು ಒರೆಸಿ, "ಹಾಗಾದ್ರೆ ಎಣಿಸಿ ಪ್ರಯೋಜನ ಇಲ್ಲ ಯಜಮಾನ್ರೇ. ಓದಲೇಬೇಕು," ಎಂದಿರಿ. ನನ್ನ ಜೀವನದಲ್ಲಿ ನಾನು ಬಾಯಿ ಮುಚ್ಚಿಕೊಂಡಿರಬೇಕಾಗಿದ್ದ ಘಳಿಗೆಗಳ ಪಟ್ಟಿಯಲ್ಲಿ ಅದು ಈಗ ಮೊದಲ ಸ್ಥಾನದಲ್ಲಿದೆ.

ನನ್ನನ್ನು ಹೊರಗೆ ಕಳಿಸಲಾಯಿತು, ಯಾಕೆಂದರೆ ಪರಿಶೀಲನೆಯ ಹೊತ್ತಿನಲ್ಲಿ ವಿಳಾಸದಾರ ಹತ್ತಿರ ಸುಳಿಯಬಾರದು. ಆಮೇಲೆ ತಮ್ಮ ವಿಭಾಗದಿಂದ ಒಂದೊಂದೇ ವರದಿ ನನ್ನ ಮನೆಗೆ ಬರತೊಡಗಿತು, ಅದೂ ಅತಿ ಶೀಘ್ರ ಅಂಚೆಯಲ್ಲಿ, ಒಂದೂ ಹರಿಯದೆ. ಕೈತೋಟದ ಪುಸ್ತಕದ ಬಗ್ಗೆ, ಅದರಲ್ಲಿ ಹೇಳಿದ್ದು ಪೂರ್ತಿ ಇದೆಯೋ ಇಲ್ಲವೋ ಎಂಬುದು ಬೆಳೆದು ನೋಡಿದ ಹೊರತು ತಿಳಿಯದಾದ್ದರಿಂದ ಕಚೇರಿಯ ಕಿಟಕಿಯಲ್ಲಿ ಆರು ಕುಂಡ ಇಟ್ಟಿರುವುದಾಗಿ ತಿಳಿಸಿದಿರಿ. ಕವನ ಸಂಕಲನದ ಬಗ್ಗೆ, ಸಾಲು ಸಾಲಿನ ನಡುವೆಯೂ ಏನೋ ಕಾಣೆಯಾಗಿರುವಂತಿದೆ, ಆದರೆ ಅದು ದಾರಿಯಲ್ಲಿ ಕಾಣೆಯಾದದ್ದೋ ಮೊದಲೇ ಇರಲಿಲ್ಲವೋ ಹೇಳಲು ಬರುವುದಿಲ್ಲ, ಮೇಲಧಿಕಾರಿಗಳ ಅಭಿಪ್ರಾಯ ಕೇಳಿದ್ದೇವೆ ಎಂದಿರಿ. ನಲವತ್ತು ವರ್ಷಗಳಲ್ಲಿ ಆಧುನಿಕ ಕಾವ್ಯದ ಬಗ್ಗೆ ಇಷ್ಟು ಪ್ರಾಮಾಣಿಕವಾದ ವಿಮರ್ಶೆಯನ್ನು ನಾನು ಓದಿರಲಿಲ್ಲ. ಇದಕ್ಕಾಗಿ ತಮ್ಮನ್ನು ಮನಸಾರೆ ಅಭಿನಂದಿಸುತ್ತೇನೆ. ಆದರೆ ಪತ್ತೇದಾರಿ ಕಾದಂಬರಿಯ ವರದಿಯನ್ನು ಮಾತ್ರ ನಾನು ಕ್ಷಮಿಸಲಾರೆ. ಮುದ್ರೆ ಒತ್ತುವ ಅಮ್ಮನವರು ಒಂದೇ ದಿನದಲ್ಲಿ ಅದನ್ನು ಓದಿ ಮುಗಿಸಿ, ಕೆಂಪು ಶಾಯಿಯಲ್ಲಿ ಬರೆದಿದ್ದರು: "ಪುಸ್ತಕ ನಾಲ್ಕು. ಪುಟಗಳು ಸರಿಯಾಗಿವೆ. ಕೊಲೆಗಾರ (ಮನೆಯ ವೈದ್ಯ) ಇನ್ನೂರ ಎಂಟನೇ ಪುಟದಲ್ಲಿ ಸುರಕ್ಷಿತವಾಗಿ ಸಿಕ್ಕಿದ್ದಾನೆ."

ನಾಲ್ಕು ಮುಗಿದವಲ್ಲ, ಆ ನಾಲ್ಕನ್ನಾದರೂ ಕೊಡಿ ಎಂದು ಬರೆದೆ. ಪಾರ್ಸೆಲ್ಲು ಒಂದೇ ಆದ್ದರಿಂದ ಪ್ರಮಾಣಪತ್ರವೂ ಒಂದೇ, ಅರ್ಧ ಪಾರ್ಸೆಲ್ಲನ್ನು ಕೊಡುವುದು ಅರ್ಧ ಮಗುವನ್ನು ಕೊಟ್ಟ ಹಾಗೆ ಎಂದು ತಾವು ಉತ್ತರಿಸಿದಿರಿ. ಮನಸ್ಸು ಕರಗಿ ಹೋಯಿತು. ಅಷ್ಟು ಹೊತ್ತಿಗೆ ಹನ್ನೊಂದನೇ ತಾರೀಖಾಗಿತ್ತು, ಎರಡನೆಯ ಸಂಪುಟವನ್ನು ತಾವು ಇನ್ನೂ ಮುಟ್ಟಿರಲಿಲ್ಲ. ಅದಕ್ಕೆ ಆರುನೂರ ಹನ್ನೆರಡು ಪುಟ.

ಹನ್ನೆರಡನೇ ತಾರೀಖು ಬೆಳಿಗ್ಗೆ ಅಕ್ಕ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ನಿನ್ನ ಹಾಗೆ ಕಾಗದ ಬರೆದುಕೊಂಡು ಕೂತರೆ ಆಗುವ ಕೆಲಸವಲ್ಲ, ನಾನೇ ಹೋಗಿ ನಾಲ್ಕು ಮಾತು ಆಡಿ ಕಿತ್ತುಕೊಂಡು ಬರುತ್ತೇನೆ ಎಂದು ಹೊರಟಳು. ನಮ್ಮ ಬೀದಿಯಲ್ಲಿ ಅಕ್ಕನ ನಾಲ್ಕು ಮಾತು ಕೇಳಿ ಐದನೆಯದಕ್ಕೆ ನಿಂತವರಿಲ್ಲ. ನಾನು ಮೇಜು ಒರೆಸಿ, ಚಹಾಕ್ಕೆ ನೀರಿಟ್ಟು, ಕತ್ತರಿ ತೆಗೆದಿಟ್ಟು ಕಾದೆ. ಮಧ್ಯಾಹ್ನ ಕಳೆಯಿತು. ಅಕ್ಕ ಸಂಜೆ ಐದೂಕಾಲಿಗೆ ಬಂದಳು, ಪಾರ್ಸೆಲ್ಲು ಇರಲಿಲ್ಲ, ಮುಖದಲ್ಲಿ ಸಿಟ್ಟೂ ಇರಲಿಲ್ಲ. ವಿಚಾರಿಸಿದಾಗ ತಿಳಿದದ್ದೇನೆಂದರೆ, ಪರಿಶೀಲನೆಗೆ ಸಾರ್ವಜನಿಕರ ಪೈಕಿ ಒಬ್ಬ ಸಾಕ್ಷಿ ಬೇಕಾಗಿತ್ತು, ತಾವು ಅವಳನ್ನೇ ಕೇಳಿದಿರಿ. ಸಾಕ್ಷಿಯಾದವರು ವಿಳಾಸದಾರನ ಪಕ್ಷದವರಾಗಿರಬಾರದು ಎಂಬ ನಿಯಮವಿದೆಯೆಂದು ತಾವು ಹಿಂಜರಿದಾಗ, ಚಿಕ್ಕಂದಿನಿಂದ ಇವತ್ತಿನವರೆಗೆ ನಾನು ಒಂದು ದಿನವೂ ಅವನ ಪಕ್ಷ ವಹಿಸಿಲ್ಲ ಎಂದು ಅಕ್ಕ ಬರೆದುಕೊಟ್ಟಳಂತೆ. ದಾಖಲೆಗಾಗಿ ಹೇಳುತ್ತೇನೆ, ಅದು ನಿಜ.

ಸಾಕ್ಷಿಗೆ ಸಣ್ಣ ಅಕ್ಷರ ಕಾಣುವುದಿಲ್ಲವೆಂದು ಸಂಪುಟವನ್ನು ಗಟ್ಟಿಯಾಗಿ ಓದಬೇಕಾಯಿತು. ಗಟ್ಟಿಯಾಗಿ ಓದಿದರೆ ದಿನಕ್ಕೆ ನಾಲ್ಕು ಪುಟಕ್ಕಿಂತ ಹೆಚ್ಚು ಪರಿಶೀಲಿಸಲಾಗದೆಂದು ತೀರ್ಮಾನವಾಯಿತು. ತೂಕದ ಗುಮಾಸ್ತರದು ಎಂಥಾ ಕಂಠ ಗೊತ್ತೇನೋ ಎಂದು ಅಕ್ಕ ಹೊಗಳಿದಳು. ನೀನು ಓದುವುದು ಕರಡು ತಿದ್ದಿದ ಹಾಗಿರುತ್ತದೆ, ಅಲ್ಪವಿರಾಮ ಕೂಡ ಕೇಳಿಸುತ್ತದೆ. ಅವರು ಓದಿದರೆ ಗಡಿಯಾರದ ಅಂಗಡಿಯೇ ಕಣ್ಣ ಮುಂದೆ ಬರುತ್ತದೆ ಎಂದಳು. ಅವತ್ತಿನಿಂದ ದಿನವೂ ಹತ್ತೂವರೆಗೆ ಊಟದ ಡಬ್ಬಿ ಹಿಡಿದು, ಇಸ್ತ್ರಿ ಮಾಡಿದ ಸೀರೆ ಉಟ್ಟು ಹೊರಡುತ್ತಾಳೆ. ಸಂಜೆ ಬಂದ ಮೇಲೆ ಬಾಗಿಲು ತೆರೆಯಿತೇ ಎಂದರೆ, ತನಿಖೆಯಲ್ಲಿರುವ ವಿಷಯ ಹೇಳುವ ಹಾಗಿಲ್ಲ ಎನ್ನುತ್ತಾಳೆ. ಇಷ್ಟು ಮಾತ್ರ ಬಾಯಿ ಬಿಟ್ಟಳು: ಲೇಖಕರು ಬಾಗಿಲನ್ನು ಹಾಗೇ ಬಿಟ್ಟು ಮೂವತ್ತು ಪುಟ ಆ ಹೆಂಗಸಿನ ತಾತನ ಕಥೆ ಹೇಳುತ್ತಿದ್ದಾರೆ.

ಆದ್ದರಿಂದ ಇಪ್ಪತ್ತೆರಡನೇ ತಾರೀಖು, ಮೂವತ್ಮೂರನೆಯ ಪುಟದಿಂದ ಮೂವತ್ತಾರನೆಯ ಪುಟದವರೆಗೆ ಪರಿಶೀಲನೆ ನಡೆಯುವ ದಿನ, ಈ ಊರಿನ ಗೌರವಾನ್ವಿತ ನಾಗರಿಕನೊಬ್ಬ ತಮ್ಮ ಕಚೇರಿಯ ಹಿಂಭಾಗದ ಕಿಟಕಿಯ ಕೆಳಗೆ, ಆರು ಕುಂಡಗಳ ಮರೆಯಲ್ಲಿ, ಖಾಲಿ ಡಬ್ಬವೊಂದರ ಮೇಲೆ ನಿಂತಿದ್ದನೆಂಬ ದೂರು ತಮಗೆ ಬಂದಿದ್ದರೆ, ಅದು ನಾನೇ. ಗುಮಾಸ್ತರ ಕಂಠದ ಬಗ್ಗೆ ಅಕ್ಕ ಹೇಳಿದ್ದು ಸುಳ್ಳಲ್ಲ. ಹೆಂಗಸು ಚಿಲಕ ತೆಗೆದಳು. ಬಾಗಿಲು ಕಿರ್ರೆಂದಿತು. "ಹೊಸ್ತಿಲ ಆಚೆ ನಿಂತಿದ್ದವನು" ಎಂದು ಗುಮಾಸ್ತರು ಓದಿದರು, ಅಷ್ಟರಲ್ಲಿ ಮುದ್ರೆ ಒತ್ತುವ ಅಮ್ಮನವರು, ಬಹುಶಃ ಉದ್ವೇಗ ತಾಳಲಾರದೆ, ಧಡ್ ಧಡ್ ಧಡ್ ಎಂದು ಎದುರಿಗಿದ್ದ ಲಕೋಟೆಗಳಿಗೆಲ್ಲ ಮುದ್ರೆ ಒತ್ತತೊಡಗಿದರು. ಹದಿನಾಲ್ಕು ವರ್ಷ ಕಾದ ವಾಕ್ಯ ಸುಮಾರು ನಲವತ್ತು ಲಕೋಟೆಗಳ ಕೆಳಗೆ ನಜ್ಜುಗುಜ್ಜಾಯಿತು. ಸದ್ದು ನಿಂತಾಗ ಅಂದಿನ ನಾಲ್ಕು ಪುಟ ಮುಗಿದಿದ್ದವು, ಸಾಕ್ಷಿಯ ಸಹಿ ಆಗುತ್ತಿತ್ತು, ನನ್ನ ಕಾಲ ಕೆಳಗಿನ ಡಬ್ಬವೂ ಜಾರಿತ್ತು.

ಕುಂಟುತ್ತ ಮನೆಗೆ ಬಂದೆ. ಸ್ವಲ್ಪ ಹೊತ್ತಿನಲ್ಲಿ ಅಕ್ಕನೂ ಬಂದಳು. ಡಬ್ಬಿ ತೊಳೆದಳು, ಚಹಾ ಕುಡಿದಳು. ಪಂದ್ಯ ಗೆದ್ದಿದ್ದರೆ ಅವಳು ಬೀದಿಯ ತುದಿಯಿಂದಲೇ ಕೂಗಿಕೊಂಡು ಬರುತ್ತಿದ್ದಳೆಂದು ನನಗೆ ಗೊತ್ತು. ಲೋಟ ಕೆಳಗಿಟ್ಟು, ಕಪಾಟಿನ ಮೇಲಿನ ಸಾಲನ್ನು ಒಮ್ಮೆ ನೋಡಿ, ಹಳೆಯ ಬಟ್ಟೆಯೊಂದನ್ನು ಕೊಡವಿ, "ಏಣಿ ಎಲ್ಲಿಟ್ಟಿದ್ದೀಯೋ, ತಗೊಂಬಾ," ಎಂದಳು.

ಮಾನ್ಯರೇ, ಹೀಗೆ ನನ್ನ ಕಾದಂಬರಿಯ ಗುಟ್ಟು ರಟ್ಟಾಯಿತು. ನಾನು ಏಣಿ ಹಿಡಿದುಕೊಂಡು ನಿಂತೆ, ಅವಳು ಹತ್ತಿ ಧೂಳು ಒರೆಸಿದಳು. ಗೆದ್ದೆನೆಂದು ನಾನು ಹೇಳಲಿಲ್ಲ, ಸೋತೆನೆಂದು ಅವಳು ಹೇಳಲಿಲ್ಲ. ಮರುದಿನ ಮಗಳಿಗೆ ಫೋನು ಮಾಡಿ ಅವಳು ಹೇಳಿದ್ದು ಮಾತ್ರ ಒಳಕೋಣೆಗೂ ಸ್ಪಷ್ಟವಾಗಿ ಕೇಳಿಸಿತು: "ಸರ್ಕಾರಿ ಕೆಲಸ ಕಣೇ, ಅರ್ಧಕ್ಕೆ ಬಿಟ್ಟು ಬರೋ ಹಾಗಿಲ್ಲ. ನಾನಿಲ್ದಿದ್ರೆ ಇಲ್ಲಿ ಒಂದು ಪುಟ ಮುಂದಕ್ಕೆ ಹೋಗಲ್ಲ. ಅದೂ ಅಲ್ದೆ ಈ ಮನೇಲಿ ಒಂದು ವರ್ಷದ ಧೂಳು ಬಾಕಿ ಇದೆ." ಟಿಕೆಟ್ಟು ರದ್ದಾಯಿತು. ನಿನ್ನೆ ಇಪ್ಪತ್ತೆಂಟನೇ ತಾರೀಖು. ಅವಳು ಹೋಗಬೇಕಾಗಿದ್ದ ರೈಲು ಹತ್ತೂವರೆಗೆ ಹೊರಟಿತು, ಅದೇ ಹತ್ತೂವರೆಗೆ ಅಕ್ಕ ಡಬ್ಬಿ ಹಿಡಿದು ತಮ್ಮ ಕಚೇರಿಗೆ ಹೊರಟಳು. ಇದರಿಂದ ನನಗೆ ವಿಶೇಷ ಸಂತೋಷವೇನೂ ಆಗಿಲ್ಲವೆಂಬುದನ್ನು ದಯವಿಟ್ಟು ದಾಖಲಿಸಿಕೊಳ್ಳಬೇಕು. ನಿನ್ನೆ ಸಂಜೆ ನಾನು ಎರಡು ಲೋಟ ಚಹಾ ಹೆಚ್ಚು ಕುಡಿದದ್ದು ಹವಾಮಾನದ ಕಾರಣಕ್ಕೆ.

ಇಷ್ಟೆಲ್ಲ ನಿವೇದಿಸಿಕೊಂಡ ಮೇಲೆ ನನ್ನ ಕೋರಿಕೆಗಳನ್ನು ಮುಂದಿಡುತ್ತೇನೆ. ಪಾರ್ಸೆಲ್ಲನ್ನು ಕೂಡಲೇ ಕೊಡಬೇಕೆಂದು ಈ ತಿಂಗಳು ನಾನು ಬರೆದ ಹತ್ತೊಂಬತ್ತು ಪತ್ರಗಳನ್ನು ದಾರಿಯಲ್ಲಿ ಕಳೆದುಹೋದವೆಂದು ಭಾವಿಸಬೇಕು. ತಮ್ಮ ಇಲಾಖೆಗೆ ಇದು ಕಷ್ಟವಾಗಲಾರದು. ಸಂಪುಟದಲ್ಲಿ ಇನ್ನೂ ಐನೂರ ಐವತ್ತಾರು ಪುಟಗಳಿವೆ. ದಿನಕ್ಕೆ ನಾಲ್ಕು ಪುಟ ಎನ್ನುವುದು ಸರ್ಕಾರಿ ಕೆಲಸದ ಘನತೆಗೆ ತಕ್ಕದ್ದಲ್ಲದ ಆತುರ. ಎರಡಕ್ಕೆ ಇಳಿಸಿದರೆ ಇನ್ನೂರ ಎಪ್ಪತ್ತೆಂಟು ದಿನ ಆಗುತ್ತದೆ, ಗುಮಾಸ್ತರ ಗಂಟಲಿಗೂ ಒಳ್ಳೆಯದು. ಕಾದಂಬರಿ ಮುಗಿದ ಮೇಲೆ ಕವನಗಳನ್ನು ಮತ್ತೊಮ್ಮೆ, ಈ ಸಲ ಸಾಲುಗಳ ನಡುವೆ ಇಬ್ಬರನ್ನು ನಿಲ್ಲಿಸಿ ಹುಡುಕಬೇಕು. ಪ್ರವಾಸ ಕಥನದ ಲೇಖಕರನ್ನು ಆ ಬೆಟ್ಟದಿಂದ ಇಳಿಸಲು ಇಲಾಖೆಯ ವತಿಯಿಂದ ಒಂದು ತಂಡ ಕಳಿಸಬೇಕು. ಕುಂಡಗಳಲ್ಲಿ ಬೆಳೆದದ್ದು ಫಲ ಬಿಟ್ಟು, ಬೀಜವಾಗಿ, ಮತ್ತೆ ಮೊಳೆತ ಹೊರತು ಕೈತೋಟದ ಪುಸ್ತಕದ ಬಗ್ಗೆ ಆತುರದ ತೀರ್ಮಾನಕ್ಕೆ ಬರಬಾರದು. ಮತ್ತು ಮುದ್ರೆ ಒತ್ತುವ ಅಮ್ಮನವರಿಗೆ ಮುಂದಿನ ಪತ್ತೇದಾರಿ ಕಾದಂಬರಿ ಸಿಗುವವರೆಗೆ ಮುದ್ರೆಯ ಕೆಳಗೆ ಇಡಲು ಒಂದು ದಪ್ಪನೆಯ ಕಂಬಳಿ ಕೊಡಿಸಬೇಕು. ಜೇನು ಅಂಟಿದ್ದೊಂದು ತಮ್ಮಲ್ಲೇ ಇರಬೇಕಲ್ಲ.

ಹಿಂಬದಿಯ ಕೋಣೆಯ ಕಡೆಗೆ ಒಂದು ಕಿವಿ ಇಟ್ಟೇ ಬದುಕುತ್ತಿರುವ,
ತಮ್ಮ ವಿಶ್ವಾಸಿ,
ವಿಳಾಸದಾರ

ಮರೆತ ಮಾತು: ನಿಯಮಾವಳಿಯ ಪುಸ್ತಕವನ್ನು ತಾವು ನನಗೆ ತೋರಿಸಿದ ದಿನ, ನಲವತ್ನಾಲ್ಕನೆಯ ನಿಯಮ ಮುಗಿದ ಕೂಡಲೇ ಎದುರು ಪುಟದಲ್ಲಿ ನಲವತ್ತಾರನೆಯದು ಶುರುವಾಗಿತ್ತು. ಹಳೆಯ ಚಪಲ, ಕಣ್ಣಿಗೆ ಬಿತ್ತು. ನಗರ ಗ್ರಂಥಾಲಯದಲ್ಲಿ ಅದೇ ಪುಸ್ತಕದ ಇನ್ನೊಂದು ಪ್ರತಿಯನ್ನು ಹುಡುಕಿ ನೋಡಿದೆ. ತಮ್ಮ ಪ್ರತಿಯಲ್ಲಿ ಒಂದು ಹಾಳೆ ಇಲ್ಲ. ಆ ಹಾಳೆಯಲ್ಲಿರುವ ನಲವತ್ತೈದನೆಯ ನಿಯಮ ಹೀಗಿದೆ: ಪಾರ್ಸೆಲ್ಲಿನಲ್ಲಿರುವುದು ಪುಸ್ತಕಗಳಾದರೆ ರಟ್ಟು ನೆಟ್ಟಗಿದೆಯೇ ಎಂದಷ್ಟೇ ನೋಡಿ ಅದೇ ದಿನ ಕೊಟ್ಟುಬಿಡತಕ್ಕದ್ದು. ಪರಿಶೀಲನೆಯಲ್ಲಿ ಇಷ್ಟು ನಿಷ್ಠೆಯುಳ್ಳ ವಿಭಾಗ ತನ್ನ ಪುಸ್ತಕವೊಂದನ್ನು ಬಿಟ್ಟು ಉಳಿದೆಲ್ಲರ ಪುಸ್ತಕಗಳನ್ನೂ ಓದಿರುವುದು ಮೆಚ್ಚತಕ್ಕ ವಿಷಯ. ಗಾಬರಿಯಾಗಬೇಡಿ. ಈ ಪತ್ರ ಅಚ್ಚಾದ ದಿನ ಪತ್ರಿಕೆಯನ್ನು ಕಚೇರಿಯೊಳಗೆ ಬಿಡದಿದ್ದರೆ ಸಾಕು. ಮನೆಯಲ್ಲಿ ಅಕ್ಕನಿಗೆ ಪತ್ರಿಕೆ ಓದಿ ಹೇಳುವವನು ನಾನೇ, ಯಾವುದನ್ನು ಬಿಟ್ಟು ಓದಬೇಕೆಂದು ನನಗೆ ಗೊತ್ತು. ಗ್ರಂಥಾಲಯದ ಪ್ರತಿಯನ್ನು ನನ್ನ ಹೆಸರಿಗೆ ಬರೆಸಿಕೊಂಡು ತಂದು ಕಪಾಟಿನ ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಇಟ್ಟಿದ್ದೇನೆ. ಅಕ್ಕ ದಿನಾ ಏಣಿ ಹತ್ತಿ ಅದರ ಧೂಳನ್ನೂ ಒರೆಸುತ್ತಾಳೆ. ಅದರ ಅಕ್ಷರ ಬಹಳ ಸಣ್ಣದು.